ಕಿರಿದಾಗುತ್ತ ಬಂದ ಎಂಟು

ಹೇಳಿಕೆ ಕೊಟ್ಟವರು: ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ನಿವೃತ್ತ ನೌಕರರು; ಬೀದಿಯಲ್ಲಿ ‘ಪ್ರೂಫ್ ಮೇಷ್ಟ್ರು’ ಎಂದೇ ಪರಿಚಿತರು. ವಯಸ್ಸು 63. ವಾಸ: ಹಳೆಯ ಮುದ್ರಣಾಲಯದ ಹಿಂದಿನ ಬೀದಿ, ಎಡಗಡೆಯ ಮೂರನೇ ಮನೆ, ಮೇಲ್ಮಹಡಿ.

ಇಂದು, ಈ ತಿಂಗಳ 9ನೇ ತಾರೀಖು ಮಂಗಳವಾರ, ಬೆಳಗ್ಗೆ 10 ಗಂಟೆ 52 ನಿಮಿಷಕ್ಕೆ, ಚಾಲನಾ ಪರೀಕ್ಷೆಯ ಮೈದಾನದಲ್ಲಿ ನನ್ನ ತಂಗಿಯ ಮಗಳನ್ನು ಮೂರನೆಯ ಸಲ ಫೇಲು ಮಾಡಲಾಯಿತು. ತಪ್ಪು ಇದ್ದದ್ದು ನೆಲದ ಮೇಲೆ ಬಳಿದ ಗೆರೆಯಲ್ಲಿ. ಅದನ್ನು ಅಳೆದು ತೋರಿಸಿದ ನನ್ನ ಮೇಲೆ ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದನೆಂದು ದೂರು ಬಂದಿದೆ. ಆ ದೂರಿಗೆ ಉತ್ತರವಾಗಿಯೂ ನನ್ನದೇ ದೂರಾಗಿಯೂ ಠಾಣೆಯ ಮುಂದೆ ಈ ಮೂಲಕ ಬರೆಸಿಡುವುದೇನೆಂದರೆ:

ನಾನು ಮೂವತ್ತೊಂದು ವರ್ಷ ಕರಡು ತಿದ್ದಿದವನು. ಮೊದಲ ಹನ್ನೆರಡು ವರ್ಷ, ತಿದ್ದಿದ ಹಾಳೆಗಳನ್ನು ನಾನೇ ಮೋಟಾರ್ ಸೈಕಲ್ಲಿನಲ್ಲಿ ಒಯ್ದು ಮನೆಮನೆಗೆ, ಕಚೇರಿ ಕಚೇರಿಗೆ ಮುಟ್ಟಿಸುತ್ತಿದ್ದೆ. ಓಣಿಯ ಕೊನೆಯಲ್ಲಿ ಕಾಲು ಊರದೆ ಗಾಡಿ ತಿರುಗಿಸಿಕೊಂಡು ಬರುವುದು ಆಗ ಕಲಿತ ವಿದ್ಯೆ. ನನ್ನ ಲೈಸೆನ್ಸಿನ ಪರೀಕ್ಷೆಯೂ ಇದೇ ಮೈದಾನದಲ್ಲಿ, ಮೂವತ್ತನಾಲ್ಕು ವರ್ಷದ ಹಿಂದೆ ಆಯಿತು. ಒಂದೇ ಸಲಕ್ಕೆ ಪಾಸಾದೆ. ಅದನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬಾಯಿ ತೆರೆದರೆ ನನ್ನ ಹೆಂಡತಿಯೇ ಉಳಿದದ್ದನ್ನು ಹೇಳಿ ಮುಗಿಸುತ್ತಾಳೆ.

ತಂಗಿಯ ಮಗಳಿಗೆ 26 ವರ್ಷ. ಒಂಬತ್ತನೇ ವಯಸ್ಸಿನಿಂದ ನಮ್ಮ ಮನೆಯಲ್ಲೇ ಬೆಳೆದವಳು. ಆಸ್ಪತ್ರೆಯಲ್ಲಿ ನರ್ಸ್. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯ ತೊಳೆದು ಕಟ್ಟುವುದು ಅವಳ ಕೆಲಸ. ಹನ್ನೊಂದು ತಿಂಗಳಿಂದ ತಾತ್ಕಾಲಿಕವಾಗಿ, ಬಸ್ಸಿನಲ್ಲಿ ಓಡಾಡಿಕೊಂಡು, ದಿನಕ್ಕೆ ನಾಲ್ಕು ಮನೆ ಮುಗಿಸುತ್ತಾಳೆ. ಲೈಸೆನ್ಸ್ ತೋರಿಸಿದರೆ ಆಸ್ಪತ್ರೆಯವರು ಮೋಟಾರ್ ಸೈಕಲ್ ಕೊಟ್ಟು, ಹನ್ನೆರಡು ಮನೆ ಒಪ್ಪಿಸಿ, ಕೆಲಸ ಕಾಯಂ ಮಾಡುತ್ತಾರೆ. ಕೊನೆಯ ದಿನ ಈ ತಿಂಗಳ 20. ಅಂದು ತೋರಿಸದಿದ್ದರೆ ಆ ಜಾಗ ಪಟ್ಟಿಯಲ್ಲಿ ಮುಂದಿನ ಹೆಸರಿನವರಿಗೆ ಹೋಗುತ್ತದೆ. ಇದು ಲಿಖಿತವಾಗಿ ಬಂದಿದೆ; ಪತ್ರವನ್ನು ನಾನೇ ಓದಿದ್ದೇನೆ.

ಪರೀಕ್ಷೆ ಇಷ್ಟೆ. ನೆಲದ ಮೇಲೆ 8ರ ಆಕಾರದ ದಾರಿ ಇರುತ್ತದೆ, ಎರಡೂ ಬದಿಗೆ ಬಿಳಿ ಗೆರೆ. ಆ ದಾರಿಯಲ್ಲಿ ಎರಡು ಸುತ್ತು ಬರಬೇಕು. ನಿಲ್ಲಬಾರದು, ಕಾಲು ಊರಬಾರದು, ಚಕ್ರ ಗೆರೆ ಮುಟ್ಟಬಾರದು.

ಅವಳಿಗೆ ಕಲಿಸಿದ್ದು ನಾನೇ. ಮುದ್ರಣಾಲಯದ ಗೋದಾಮಿನ ಮುಂದೆ ಸಿಮೆಂಟಿನ ಅಂಗಳವಿದೆ. ಅಲ್ಲಿ ಸೀಮೆಸುಣ್ಣದಿಂದ ಎಂಟು ಬರೆದೆ. ದಾರಿಯ ಅಗಲ 210 ಸೆಂಟಿಮೀಟರ್. ಈ ಲೆಕ್ಕ ಎಲ್ಲಿಂದ ಬಂತೆಂದು ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್ಸ್‌ಟೇಬಲ್ ಕೇಳಿದ್ದರಿಂದ ಹೇಳುತ್ತೇನೆ. ಚಾಲನಾ ಪರೀಕ್ಷೆಯ ನಿಯಮಗಳ ಪುಸ್ತಿಕೆ ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರ ಕರಡು ತಿದ್ದಿದವನು ನಾನು. 14ನೇ ಪುಟ, ಕೆಳಗಿನಿಂದ ಆರನೇ ಸಾಲು. ಆ ನಿಯಮ ಇವತ್ತಿಗೂ ಬದಲಾಗಿಲ್ಲ. ಬದಲಾಗಿದ್ದರೆ ಆದೇಶ ತೋರಿಸಲಿ. ಪುಸ್ತಿಕೆಯ ಪ್ರತಿಯನ್ನು ಲಗತ್ತಿಸಿದ್ದೇನೆ.

ನಿಧಾನವಾಗಿ ತಿರುಗಿಸುವುದು ಜೋರಾಗಿ ಓಡಿಸುವುದಕ್ಕಿಂತ ಕಷ್ಟ. ವೇಗವಿದ್ದಾಗ ಗಾಡಿ ಬೀಳದಂತೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ; ನಡಿಗೆಯ ವೇಗದಲ್ಲಿ ಬೀಳದಂತೆ ನಾವು ನಿಲ್ಲಿಸಬೇಕು. ಮೊದಲನೇ ಗೇರು, ಕ್ಲಚ್ಚು ಅರ್ಧ, ಬಲಗಾಲು ಹಿಂದಿನ ಬ್ರೇಕಿನ ಮೇಲೆ ಸುಮ್ಮನೆ ತಾಗಿದಷ್ಟು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಬಿದ್ದಂತೆಯೇ. ಗಾಡಿ ಒಳಕ್ಕೆ ವಾಲಿದರೆ ಮೈ ಹೊರಕ್ಕೆ ಇರಬೇಕು. ಎಲ್ಲಕ್ಕಿಂತ ಮುಖ್ಯ, ಮುಂದಿನ ಚಕ್ರ ನೋಡಬಾರದು. ಕತ್ತು ತಿರುಗಿಸಿ, ಹೋಗಬೇಕಾದ ಕಡೆ ನೋಡಬೇಕು. ಕಣ್ಣು ಹೋದಲ್ಲಿ ಗಾಡಿ ಹೋಗುತ್ತದೆ. ಇದನ್ನೆಲ್ಲ ಅವಳು ಆರು ವಾರದಲ್ಲಿ ಕಲಿತಳು. ಕೊನೆಯ ವಾರ ಆ ಅಂಗಳದಲ್ಲಿ ಸತತ ಇಪ್ಪತ್ತು ಸುತ್ತು ಗೆರೆ ಮುಟ್ಟದೆ ಬಂದಳು. ನಾನು ಪ್ರತಿ ಸುತ್ತಿಗೂ ಏನಾದರೊಂದು ತಪ್ಪು ಹೇಳುತ್ತಿದ್ದೆ. ತಿಂಡಿ ತಂದ ನನ್ನ ಹೆಂಡತಿ ಇದನ್ನು ನೋಡಿ, ‘ನೀವು ಗಾಡಿ ಕಲಿಸ್ತಿದೀರೋ ಕರಡು ತಿದ್ತಿದೀರೋ, ಒಂದು ಸಲ ಚೆನ್ನಾಗಿದೆ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ’ ಎಂದು ಕೇಳಿದಳು. ನಾನು ಹೇಳಲಿಲ್ಲ.

ಮೊದಲ ಪರೀಕ್ಷೆ ಹೋದ ತಿಂಗಳ 12ರಂದು. ಎರಡನೇ ಸುತ್ತಿನಲ್ಲಿ ಹಿಂದಿನ ಚಕ್ರ ಒಳಗಿನ ಗೆರೆ ಮುಟ್ಟಿತು. ಅಭ್ಯರ್ಥಿಗಳನ್ನು ಬಿಟ್ಟು ಬೇರೆಯವರಿಗೆ ತಂತಿಬೇಲಿಯ ಒಳಗೆ ಪ್ರವೇಶವಿಲ್ಲ. ನಾನು ಗೇಟಿನ ಹೊರಗೆ, ಸುಮಾರು 30 ಮೀಟರ್ ದೂರದಲ್ಲಿದ್ದೆ. ಅಲ್ಲಿಂದ ಎಂಟು ಎಂಟರಂತೆಯೇ ಕಾಣುತ್ತದೆ. ವಾಪಸು ಬರುವಾಗ ಅವಳು, ‘ಮಾವ, ಅಲ್ಲಿ ದಾರಿ ನಮ್ಮ ಅಂಗಳದ್ದಕ್ಕಿಂತ ಸಣ್ಣದು’ ಎಂದಳು. ನಾನು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೆ.

ಈ ಮಾತು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ, ಬಿಡಬಹುದು ಎಂದು ಹೆಡ್ ಕಾನ್ಸ್‌ಟೇಬಲ್ ಹೇಳಿದರು. ಸಂಬಂಧವಿದೆ, ಬರೆಯಬೇಕೆಂದು ನಾನು ಕೋರಿದ್ದರಿಂದ ಬರೆಯಲಾಗಿದೆ.

ಎರಡನೇ ಪರೀಕ್ಷೆ ಅದೇ ತಿಂಗಳ 26ರಂದು. ಗೆರೆ ಮುಟ್ಟುತ್ತೇನೆಂಬ ಹೆದರಿಕೆಯಲ್ಲಿ ಮೊದಲ ಸುತ್ತಿನಲ್ಲೇ ಕಾಲು ಊರಿದಳು. ಆ ದಿನ ನಾನು, ಮನೇಲಿ ಹುಲಿ ಬೀದೀಲಿ ಇಲಿ ಎಂದೆ. ಅವಳು ಗಾಡಿ ತೊಳೆಯಲು ಹೋದಳು. ತೊಳೆದಿದ್ದ ಗಾಡಿಯನ್ನೇ ತೊಳೆದಳು. ಅಂದಿನಿಂದ ನಿನ್ನೆಯವರೆಗೆ ಹದಿಮೂರು ದಿನ, ಕೆಲಸಕ್ಕೆ ಹೋಗುವ ಮುಂಚೆ ಆರು ಗಂಟೆಗೆ ಎದ್ದು ಅಂಗಳದಲ್ಲಿ ಒಬ್ಬಳೇ ಸುತ್ತು ಹಾಕುತ್ತಿದ್ದಳು. ನನ್ನನ್ನು ಕರೆಯಲಿಲ್ಲ.

ನಿನ್ನೆ ಸಂಜೆ ಅವಳು ನನ್ನ ಕೈಚೀಲಕ್ಕೆ ಅಳೆಯುವ ಟೇಪು ಹಾಕಿದಳು. ಏಕೆಂದು ಕೇಳಿದ್ದಕ್ಕೆ, ‘ನಾನು ಕಣ್ಣಲ್ಲಿ ನೋಡಿದ್ದನ್ನ ನೀವು ನಂಬಲ್ಲ, ಅಂಕಿ ಆದ್ರೂ ನಂಬ್ತೀರಲ್ಲ’ ಎಂದಳು. ಟೇಪು ತರುವ ಯೋಚನೆ ಅವಳದು, ನನ್ನದಲ್ಲ. ಪರೀಕ್ಷಾಧಿಕಾರಿಯವರ ದೂರಿನಲ್ಲಿ ನಾನು ಪೂರ್ವಯೋಜನೆಯಿಂದ ಬಂದೆನೆಂದಿದೆ. ನಾನು ಬಂದದ್ದು ಅವಳ ಮಾತು ಸುಳ್ಳೆಂದು ತೋರಿಸಲು.

ಇಂದು ಬೆಳಗ್ಗೆ 8.40ಕ್ಕೆ ಮನೆ ಬಿಟ್ಟೆವು. ಗಾಡಿ ಅವಳು ಓಡಿಸಿದಳು, ನಾನು ಹಿಂದೆ ಕೂತಿದ್ದೆ. 4.6 ಕಿಲೋಮೀಟರ್. 9.05ಕ್ಕೆ ತಲುಪಿದೆವು. ಹತ್ತು ಜನ ಅಭ್ಯರ್ಥಿಗಳು; ಅವಳದು ಏಳನೇ ನಂಬರು. ಅವಳಿಗಿಂತ ಮುಂಚಿನ ಆರು ಜನರಲ್ಲಿ ಗೇರಿಲ್ಲದ ಸಣ್ಣ ಸ್ಕೂಟರಿನವರು ಮೂವರು ಪಾಸಾದರು. ಮೋಟಾರ್ ಸೈಕಲ್ಲಿನ ಮೂವರೂ ಫೇಲಾದರು. ಅದರಲ್ಲಿ ಒಬ್ಬರು ಅಂಗಡಿಗಳಿಗೆ ಬ್ರೆಡ್ ಹಂಚುವವರು. ಅವರಿಗೆ ಇದು ನಾಲ್ಕನೇ ಸಲ. ಅವರು ಗೇಟಿನ ಬಳಿ ಬಂದು, ‘ಇನ್ನೊಂದು ಸಲ ಬಂದ್ರೆ ಇಲ್ಲೇ ಪಕ್ಕದಲ್ಲಿ ಬಾಡಿಗೆ ಮನೆ ನೋಡ್ಕೋಬೇಕು, ಓಡಾಟ ಉಳಿಯುತ್ತೆ’ ಎಂದರು. ಯಾರೂ ಹೆಚ್ಚು ನಗಲಿಲ್ಲ.

10.50ಕ್ಕೆ ಅವಳ ಸರದಿ. ಮೊದಲ ಸುತ್ತು ಸರಿಯಾಗಿ ಬಂದಳು. ಕತ್ತು ತಿರುಗಿತ್ತು, ಕೈ ಸಡಿಲವಾಗಿತ್ತು, ಎಂಜಿನ್ನಿನ ಸದ್ದು ಒಂದೇ ಸಮನಿತ್ತು. ಅಷ್ಟು ಚೆನ್ನಾಗಿ ನಾನೂ ಓಡಿಸಲಾರೆ. ಎರಡನೇ ಸುತ್ತಿನ ಕೊನೆಯ ತಿರುವಿನಲ್ಲಿ ಪರೀಕ್ಷಾಧಿಕಾರಿ ಸೀಟಿ ಊದಿದರು. ಹಿಂದಿನ ಚಕ್ರ ಒಳಗಿನ ಗೆರೆ ಮುಟ್ಟಿದೆ ಎಂದರು. ಮುಟ್ಟಿತ್ತು; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವಳು ಹೆಲ್ಮೆಟ್ ತೆಗೆದು ಅವರ ಬಳಿ ಹೋಗಿ, ‘ಸರ್, ದಾರಿ ಒಂದ್ಸಲ ಅಳೆದು ನೋಡಿ’ ಎಂದು ಕೇಳಿದಳು. ಪರೀಕ್ಷಾಧಿಕಾರಿಯವರು ಹಾಳೆಯಿಂದ ತಲೆಯೆತ್ತದೆ, ಕುಣಿಯಕ್ಕೆ ಬರದೋರಿಗೆ ನೆಲ ಯಾವಾಗ್ಲೂ ಡೊಂಕೇನಮ್ಮಾ ಎಂದರು.

ಆ ಮಾತು ಗೇಟಿನ ತನಕ ಕೇಳಿಸಿತು. ಅವಳು ಅವರನ್ನು ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದಳು.

ನಾನು ಗೇಟು ದಾಟಿ ಒಳಗೆ ಹೋದೆ. ಅನುಮತಿ ಕೇಳಲಿಲ್ಲ. ಇದನ್ನು ಒಪ್ಪುತ್ತೇನೆ. ಎಂಟರ ನಡುಭಾಗ ಬಿಟ್ಟು ಎರಡೂ ವೃತ್ತಗಳಲ್ಲಿ ಎರಡೆರಡು ಕಡೆ, ಒಟ್ಟು ನಾಲ್ಕು ಕಡೆ ಟೇಪು ಹಿಡಿದೆ. ಟೇಪಿನ ಇನ್ನೊಂದು ತುದಿ ಹಿಡಿದವರು ಬ್ರೆಡ್ ಹಂಚುವವರು. ಬಂದ ಅಳತೆ: 102, 102, 103, 102. ಅವಳು ಹತ್ತಿರ ಬಂದು, ‘ಎಷ್ಟು ಬಂತು ಮಾವ’ ಎಂದು ಕೇಳಿದಳು. ನೂರಾ ಎರಡು ಎಂದೆ. ತಲೆಯಾಡಿಸಿ, ಹೆಲ್ಮೆಟ್ಟಿನ ಗಾಜನ್ನು ತೋಳಿನಿಂದ ಒರೆಸಿದಳು.

ತಿಳಿಯದವರಿಗಾಗಿ ಹೇಳುವುದೇನೆಂದರೆ, ಬಿಗಿ ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಬರುವುದಿಲ್ಲ. ಸುಮಾರು 30 ಸೆಂಟಿಮೀಟರ್ ಒಳಗೆ ಬರುತ್ತದೆ. ಗಾಡಿ ಉದ್ದವಾದಷ್ಟೂ ಹೆಚ್ಚು ಒಳಗೆ. 210ರ ದಾರಿಯಲ್ಲಿ ಇದಕ್ಕೆ ಜಾಗವಿರುತ್ತದೆ. 102ರಲ್ಲಿ ಅಷ್ಟು ಕಳೆದು, ಚಕ್ರದ ಅಗಲವನ್ನೂ ಕಳೆದರೆ ಉಳಿಯುವುದು ಎರಡೂ ಬದಿಗೆ ಒಂದೊಂದು ಅಡಿ.

ಪರೀಕ್ಷಾಧಿಕಾರಿಯವರಿಗೆ ಕೈಚೀಲದಲ್ಲಿದ್ದ ಪುಸ್ತಿಕೆಯ 14ನೇ ಪುಟ ತೋರಿಸಿದೆ. ಅವರು ಪುಸ್ತಕ ಮುಟ್ಟಲಿಲ್ಲ. ‘ಪುಸ್ತಕದಲ್ಲಿ ನೂರೆಂಟಿರುತ್ತೆ ರೀ, ನನಗೆ ಕಾಣೋದು ಗೆರೆ’ ಎಂದರು. ಹಾಗಾದರೆ ಈ ಗೆರೆಯೊಳಗೆ ತಾವು ಒಂದು ಸುತ್ತು ಬಂದು ತೋರಿಸಿ ಎಂದೆ. ‘ನಾನು ಪರೀಕ್ಷೆ ಮಾಡೋನು, ಕೊಡೋನಲ್ಲ’ ಎಂದರು. 11.20ಕ್ಕೆ ನನ್ನ ಕೈಯಿಂದ ಟೇಪು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು. ಅದು ಈ ಹೊತ್ತಿನವರೆಗೂ ಅವರ ಬಳಿಯೇ ಇದೆ.

11.27ಕ್ಕೆ ನಾನು ನನ್ನ ಮೋಟಾರ್ ಸೈಕಲ್ ಹತ್ತಿ ಎಂಟರೊಳಗೆ ಹೋದೆ. ಇಳೀರಿ, ಇಳೀರಿ ಎಂದು ಪರೀಕ್ಷಾಧಿಕಾರಿ ಎರಡು ಸಲ ಕೂಗಿದರು. ಇಳಿಯಲಿಲ್ಲ. ಮೊದಲ ಸುತ್ತು ಆಯಿತು. ಎರಡನೆಯ ಸುತ್ತಿನಲ್ಲಿ, ಅವಳು ಮುಟ್ಟಿದ ಜಾಗಕ್ಕಿಂತ ಒಂದು ಮಾರು ಮೊದಲೇ, ನನ್ನ ಹಿಂದಿನ ಚಕ್ರ ಗೆರೆಯ ಮೇಲೆ ಹೋಯಿತು. ಮೂವತ್ತನಾಲ್ಕು ವರ್ಷದ ಲೈಸೆನ್ಸು ನನ್ನದು. ಗಾಡಿ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ, ನಾನೂ ಫೇಲು ಎಂದೆ. ಬ್ರೆಡ್ ಹಂಚುವವರು, ‘ಬನ್ನಿ ಮೇಷ್ಟ್ರೇ, ನಮ್ಮ ಸಾಲಿಗೆ ಬನ್ನಿ, ಇಲ್ಲಿ ಜಾಗ ಅಗಲವಾಗಿದೆ’ ಎಂದರು. ಈ ಸಲ ಜನ ನಕ್ಕರು. ಅವಳೂ ನಕ್ಕಳು. ನಾನು ಗಾಡಿ ಎಂಟರೊಳಗೆ ಇಟ್ಟದ್ದು ಒಟ್ಟು ಮೂರು ನಿಮಿಷ. ದೂರಿನಲ್ಲಿ ಅರ್ಧ ಗಂಟೆ ಎಂದಿದೆ, ಅದು ಸುಳ್ಳು.

ಅಷ್ಟರಲ್ಲಿ ಗೇಟಿನ ಬಳಿ ವಾಹನ ನಿಲ್ಲಿಸುವ ಜಾಗಕ್ಕೆ ಗೆರೆ ಬಳಿಯುತ್ತಿದ್ದ ಪೇಂಟರ್ ಕುಂಚ ಕೈಯಲ್ಲಿ ಹಿಡಿದೇ ಬಂದರು. ವಯಸ್ಸು ಐವತ್ತರ ಆಸುಪಾಸು. ಮೈದಾನದ ಗೆರೆಗಳನ್ನು ವರ್ಷಕ್ಕೊಮ್ಮೆ ಬಳಿಯುವವರು ಅವರೇ, ಒಂಬತ್ತು ವರ್ಷದಿಂದ. ಏನು ಜಗಳವೆಂದು ಕೇಳಿದರು. ದಾರಿ ನೂರಾ ಎಂಟು ಸೆಂಟಿಮೀಟರ್ ಕಡಿಮೆ ಇದೆ ಎಂದೆ. ಅವರು ಸ್ವಲ್ಪವೂ ಗಾಬರಿಯಾಗದೆ, ‘ಇರಬಹುದು, ನಾನು ಪ್ರತಿ ವರ್ಷ ಒಳಗಡೆಗೇ ಬಳಿಯೋದು’ ಎಂದರು.

ಹಾಗೆಂದರೇನೆಂದು ಕೇಳಿದ್ದಕ್ಕೆ ಅವರು ಬಿಡಿಸಿ ಹೇಳಿದ್ದು ಹೀಗೆ. ಹಳೆಯ ಬಿಳಿ ಬಣ್ಣದ ಮೇಲೆ ಹೊಸ ಬಿಳಿ ಬಳಿದರೆ ಎರಡೇ ತಿಂಗಳಿಗೆ ಸಿಪ್ಪೆ ಏಳುತ್ತದೆ. ಆಮೇಲೆ ಬೈಸಿಕೊಳ್ಳುವವರು ಅವರು. ಆದ್ದರಿಂದ ಹಳೆಯ ಗೆರೆಯನ್ನು ಕಪ್ಪು ಬಣ್ಣದಿಂದ ಮುಚ್ಚಿ, ಅದಕ್ಕೆ ತಾಗಿಸಿ ಪಕ್ಕದಲ್ಲಿ ಹೊಸ ಗೆರೆ ಎಳೆಯುತ್ತಾರೆ. ಹೊರಗಿನ ಗೆರೆಯ ಆಚೆ ಜಲ್ಲಿ, ಒಳಗಿನ ಗೆರೆಯ ಆಚೆ ಹುಲ್ಲು. ಜಲ್ಲಿ ಮೇಲೂ ಹುಲ್ಲಿನ ಮೇಲೂ ಬಣ್ಣ ನಿಲ್ಲುವುದಿಲ್ಲ. ನಿಲ್ಲುವುದು ನಡುವಿನ ದಾರಿಯ ಮೇಲೆ ಮಾತ್ರ. ‘ನಾನು ಬಣ್ಣ ನಿಲ್ಲೋ ಕಡೆ ಬಳೀತೀನಿ ಸ್ವಾಮಿ, ಗಾಡಿ ನಿಲ್ಲೋದು ನನ್ನ ಕೆಲಸ ಅಲ್ಲ. ಎಷ್ಟು ಅಗಲ ಅಂತ ಒಂದು ಚೀಟಿ ಕೊಟ್ಟಿದ್ರೆ ಅಷ್ಟೇ ಮಾಡ್ತಿದ್ದೆ’ ಎಂದರು.

ತಮ್ಮ ಬಳಿಯಿದ್ದ ಚಪ್ಪಟೆ ಅಲಗಿನ ಕತ್ತಿಯಿಂದ ಕಪ್ಪು ಬಣ್ಣ ಕೆರೆದೂ ತೋರಿಸಿದರು. ಈಗಿನ ಗೆರೆಯ ಹಿಂದೆ ಒಂದಕ್ಕೊಂದು ಅಂಟಿಕೊಂಡು ಒಂಬತ್ತು ಹಳೆಯ ಗೆರೆಗಳಿದ್ದವು. ಒಂದೊಂದೂ 6 ಸೆಂಟಿಮೀಟರ್. ಒಂಬತ್ತು ಸಲಕ್ಕೆ ಒಂದು ಬದಿಗೆ 54, ಎರಡು ಬದಿಗೆ 108. ಇನ್ನೂರಾ ಹತ್ತರಲ್ಲಿ ನೂರಾ ಎಂಟು ಹೋದರೆ ನೂರಾ ಎರಡು. ಇದಕ್ಕೆ ತಜ್ಞರ ಸಮಿತಿ ಬೇಕಾಗಿಲ್ಲ. ಅಭ್ಯರ್ಥಿಗಳು ಸುತ್ತ ನಿಂತು ನೋಡಿದರು. ಈ ಒಂಬತ್ತು ವರ್ಷದಲ್ಲಿ ಎಷ್ಟು ಜನ ತಮಗೆ ಕೈ ಸರಿಯಿಲ್ಲ, ಕಾಲು ಸರಿಯಿಲ್ಲ, ತಲೆ ಸರಿಯಿಲ್ಲ ಎಂದುಕೊಂಡು ಮನೆಗೆ ಹೋದರೋ ನನಗೆ ಗೊತ್ತಿಲ್ಲ. ಒಬ್ಬಳದು ಮಾತ್ರ ಗೊತ್ತು.

ಪರೀಕ್ಷಾಧಿಕಾರಿಯವರು ಪೇಂಟರಿಗೆ ಗದರಿ, ಕೆಲಸ ನೋಡ್ಕೋ ಎಂದು ಕಳಿಸಿದರು. ನಂತರ ನನ್ನನ್ನು ನೀರಿನ ತೊಟ್ಟಿಯ ಬಳಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ್ದನ್ನೂ ಬರೆಸುತ್ತೇನೆ. ಅವರು ಇಲ್ಲಿಗೆ ಬಂದು ಎರಡು ವರ್ಷ; ಬಂದಾಗಲೂ ದಾರಿ ಬಹುತೇಕ ಹೀಗೇ ಇತ್ತು. ‘ದಾರಿ ಸಣ್ಣದು ಅಂತ ನಾನು ಇವತ್ತು ಬರೆದುಕೊಟ್ರೆ, ಎರಡು ವರ್ಷದಲ್ಲಿ ಫೇಲಾದೋರೆಲ್ಲ ನಾಳೆ ಬೆಳಗ್ಗೆ ನನ್ನ ಮೇಜಿನ ಮುಂದೆ ನಿಂತ್ಕೋತಾರೆ. ನನಗೂ ಮಕ್ಕಳಿದಾರೆ ಮೇಷ್ಟ್ರೇ’ ಎಂದರು. ನಾನು, ನಿಂತುಕೊಳ್ಳಲಿ, ಅವರಿಗೆ ಆ ಹಕ್ಕಿದೆ ಎಂದೆ. ಮೂರು ಸಲ ಫೇಲಾದವರು ಮತ್ತೆ ಬರಲು ಮೂರು ತಿಂಗಳು ಕಾಯಬೇಕು; ಅವಳು ಮೂರು ತಿಂಗಳು ಬಿಟ್ಟು ಬರಲಿ, ನಾನೇ ನೋಡಿಕೊಳ್ಳುತ್ತೇನೆ ಎಂದರು. ನೋಡಿಕೊಳ್ಳುವುದು ಬೇಡ, ಅಳೆಯಿರಿ ಎಂದೆ. ಅಲ್ಲಿಗೆ ಅವರ ದನಿ ಮತ್ತೆ ಏರಿತು. ಮೇಜಿಗೆ ಹೋಗಿ ಅವಳ ಹಾಳೆಯಲ್ಲಿ ‘ಅನುತ್ತೀರ್ಣ’ ಎಂಬುದರ ಮುಂದೆ ‘ಅಶಿಸ್ತಿನ ವರ್ತನೆ’ ಎಂದು ಸೇರಿಸಿದರು. ಮೂರು ತಿಂಗಳ ಕಾಯುವಿಕೆ ಆರು ತಿಂಗಳಾಯಿತು. ಅವಳು ಮೈದಾನದಲ್ಲಿ ಆಡಿದ್ದು ಎರಡೇ ಮಾತು. ಮೊದಲನೆಯದು, ಅಳೆದು ನೋಡಿ. ಎರಡನೆಯದು, ಎಷ್ಟು ಬಂತು. ಇದರಲ್ಲಿ ಅಶಿಸ್ತು ಯಾವುದೆಂದು ಬರೆದವರೇ ಹೇಳಬೇಕು. ಗೇಟು ದಾಟಿದ್ದು ನಾನು, ಗಾಡಿ ಹತ್ತಿದ್ದು ನಾನು. ಶಿಕ್ಷೆ ಇದ್ದರೆ ನನಗಿರಲಿ.

12.10ಕ್ಕೆ ಇಬ್ಬರು ಪೊಲೀಸರು ಬಂದರು. ಅವರು ಸಭ್ಯವಾಗಿಯೇ ನಡೆದುಕೊಂಡರು. ನಾನೂ ಜೊತೆಗೆ ಬಂದೆ. ಅವಳು ಒಂದು ಗಂಟೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಆಮೇಲೆ, ‘ಮಾವ, ಎರಡು ಗಂಟೆಗೆ ಒಬ್ಬರ ಬೆನ್ನಿನ ಗಾಯ ಕಟ್ಟಬೇಕು, ತಡ ಮಾಡಿದ್ರೆ ಬಟ್ಟೆ ಅಂಟ್ಕೊಳ್ಳುತ್ತೆ, ಹೋಗ್ತೀನಿ’ ಎಂದು ಹೇಳಿ ಬಸ್ಸು ಹಿಡಿಯಲು ಹೋದಳು. ಬಾಗಿಲಲ್ಲಿ ಅವಳನ್ನು ತಡೆದು, ನೆಲ ಡೊಂಕೇ ಇತ್ತು, ನಾನು ಅಚ್ಚಾದದ್ದನ್ನು ನಂಬಿದೆ, ನಿನ್ನನ್ನು ನಂಬಲಿಲ್ಲ, ತಪ್ಪಾಯಿತು ಎಂದು ಹೇಳಿದೆ. ಇದಕ್ಕೆ ಬಾಗಿಲ ಬಳಿಯಿದ್ದ ಕಾವಲು ಪೇದೆ ಸಾಕ್ಷಿ.

ಮೇಲೆ ಬರೆಸಿದ್ದೆಲ್ಲ ನಾನು ಕಂಡದ್ದು, ಅಳೆದದ್ದು ಮತ್ತು ಕಿವಿಯಾರೆ ಕೇಳಿದ್ದು. ನನಗೆ ಓದಿ ಹೇಳಿದ್ದಾರೆ. ನಾನೂ ಒಮ್ಮೆ ಓದಿಕೊಂಡು, ಸರಿಯಿದೆಯೆಂದು ಒಪ್ಪಿ ರುಜು ಹಾಕುತ್ತಿದ್ದೇನೆ. ಯಾರ ಒತ್ತಾಯವೂ ಇಲ್ಲ.

ನನ್ನ ಮೇಲಿನ ದೂರಿನ ವಿಚಾರಣೆ ಕಾನೂನಿನಂತೆ ನಡೆಯಲಿ. ಎಷ್ಟು ಸಲ ಕರೆದರೂ ಬರುತ್ತೇನೆ. ನಾನು ಕೇಳುವುದು ಇಷ್ಟು. ಮೈದಾನದ ಎಂಟರ ದಾರಿಯನ್ನು ಪೊಲೀಸರ ಎದುರಿನಲ್ಲಿ, ಹಗಲು ಹೊತ್ತಿನಲ್ಲಿ, ಬಂದವರೆಲ್ಲ ನೋಡುವಂತೆ ಅಳೆಯಬೇಕು. ನನ್ನ ತಂಗಿಯ ಮಗಳ ಹಾಳೆಯಿಂದ ‘ಅಶಿಸ್ತು’ ಎಂಬ ಮಾತನ್ನು ತೆಗೆದು, 20ನೇ ತಾರೀಖಿನೊಳಗೆ ನಿಯಮದ ಅಗಲದಲ್ಲಿ ಅವಳ ಪರೀಕ್ಷೆಯನ್ನು ಮತ್ತೆ ನಡೆಸಬೇಕು. ಆಗಲೂ ಗೆರೆ ಮುಟ್ಟಿದರೆ ಫೇಲು ಮಾಡಲಿ. ನಾವು ತುಟಿ ಪಿಟಕ್ಕೆನ್ನುವುದಿಲ್ಲ. ಒಂಬತ್ತು ವರ್ಷ ಅಳೆಯದೆ ಸೀಟಿ ಊದಿದ್ದೇಕೆ ಎಂಬ ಪ್ರಶ್ನೆಗೆ ಇಲಾಖೆ ಉತ್ತರ ಬರೆಯಬೇಕು. ಆ ಉತ್ತರವನ್ನು ನನ್ನ ಮನೆಗೆ ಲಕೋಟೆಯಲ್ಲಿ ಕಳಿಸಿದರೆ ನಾನು ಸ್ವೀಕರಿಸುವುದಿಲ್ಲ. ಅವಳಿಗೆ ನೆಲ ಡೊಂಕಿನ ಆ ಮಾತು ಹೇಳಿದ್ದು ಹತ್ತು ಜನರ ಮುಂದೆ. ಉತ್ತರವನ್ನೂ ಮೈದಾನದ ಗೇಟಿಗೆ, ಸಾಲಿನಲ್ಲಿ ನಿಂತವರೆಲ್ಲ ಓದುವಷ್ಟು ದಪ್ಪ ಅಕ್ಷರದಲ್ಲಿ, ಅಧಿಕಾರಿಯ ಸಹಿಯೊಂದಿಗೆ ಅಂಟಿಸಬೇಕು.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೊಠಡಿ
ದಿನ: ಈ ತಿಂಗಳ 9, ಮಂಗಳವಾರ, ಮಧ್ಯಾಹ್ನ 3.40
ಹೇಳಿಕೆ ಕೊಟ್ಟವರ ರುಜು
ನನ್ನ ಮುಂದೆ ಬರೆದುಕೊಂಡದ್ದು: ಹೆಡ್ ಕಾನ್ಸ್‌ಟೇಬಲ್